ಹೂಳಿನಲ್ಲಿ ಉಳಿದ ಮರ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಮಧ್ಯ ಯುರೋಪಿನ ಹಳೆಯ ಸ್ಲಾವ್ ಜನರು ಕಟ್ಟಿದ, ನೀರಿನಡಿಯ ಹೂಳಿನಲ್ಲಿ ಉಳಿದುಕೊಂಡ ಮರದ ಬಗ್ಗೆ.

ಮೊದಲು ಬೋರ್ಡಿನ ಮೇಲೆ ಬರೆದದ್ದನ್ನು ನೋಡಿ: 963/964. ಇಸವಿ ಅಂದರೆ ಒಂದೇ ಇರಬೇಕು, ನಡುವೆ ಈ ಗೆರೆ ಯಾಕೆ? ಬರೆದವರಿಗೆ ಅನುಮಾನ ಇತ್ತು ಅಂದುಕೊಳ್ಳಬೇಡಿ. ಆ ಗೆರೆಯೇ ಖಚಿತ ಮಾತು.

ಪೋಲೆಂಡಿನಲ್ಲಿ ಲೆಡ್ನಿಟ್ಸಾ ಅಂತ ಒಂದು ಕೆರೆ. ಅದರ ನಡುಗಡ್ಡೆಯಲ್ಲಿ ಅಲ್ಲಿನ ಮೊದಲ ದೊರೆ ಮಿಯೆಷ್ಕೋನ ಕೋಟೆ ಇತ್ತು. ದಡಕ್ಕೆ ಎರಡು ಮರದ ಸೇತುವೆ. ಪಶ್ಚಿಮದ್ದು ಸುಮಾರು 438 ಮೀಟರ್ ಉದ್ದ. ಟೊರೂನ್ ವಿಶ್ವವಿದ್ಯಾಲಯದ ಮುಳುಗುಗಾರರು 1982ರಿಂದ ಅದರ ಕಂಬಗಳನ್ನು ನೀರಿನಡಿ ಹುಡುಕುತ್ತಿದ್ದಾರೆ. ಕಂಬವನ್ನು ಅಡ್ಡ ಕೊಯ್ದು, ಉಜ್ಜಿ ನುಣುಪು ಮಾಡಿದರೆ ಉಂಗುರಗಳು ಕಾಣುತ್ತವೆ. ಮಳೆ ಚೆನ್ನಾಗಿ ಬಂದ ವರ್ಷ ಅಗಲ ಉಂಗುರ, ಬರ ಬಂದರೆ ಸಪೂರ. ಈ ಅಗಲ–ಸಪೂರದ ಸಾಲನ್ನು, ವರ್ಷ ಗೊತ್ತಿರುವ ಮರಗಳ ಸಾಲಿನ ಜೊತೆ ಹೊಂದಿಸಿ ನೋಡುತ್ತಾರೆ. ತೊಗಟೆ ಇನ್ನೂ ಅಂಟಿಕೊಂಡಿದ್ದರೆ ಅದೃಷ್ಟ. ತೊಗಟೆಯ ಕೆಳಗೆ 963ರ ಉಂಗುರ ಪೂರ್ತಿಯಾಗಿದೆ, 964ರದ್ದು ಶುರುವಾಗಿಲ್ಲ. ಹಾಗಾದರೆ ಕೊಡಲಿ ಬಿದ್ದದ್ದು ಆ ಎರಡರ ನಡುವಿನ ಚಳಿಗಾಲದಲ್ಲಿ. ಮಿಯೆಷ್ಕೋ ಕ್ರೈಸ್ತನಾದದ್ದು 966ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಮರ ಕಡಿದಾಗಿತ್ತು.

ಕಲ್ಲಿನ ಶಾಸನ ಕೂಡ ಇಷ್ಟು ಕರಾರುವಾಕ್ಕಾಗಿ ಹೇಳುವುದು ಅಪರೂಪ.

ಹಳೆಯ ಸ್ಲಾವ್ ಜನರ ಮನೆ, ಬೇಲಿ, ಸೇತುವೆ, ದೋಣಿ, ಪಾತ್ರೆ ಬಹುಪಾಲು ಮರದ್ದೇ. ಊರು ಕಟ್ಟುತ್ತಿದ್ದದ್ದು ನೀರಿನ ಪಕ್ಕ. ಸುಮಾರು 965ರಲ್ಲಿ ಸ್ಪೇನಿನಿಂದ ಆ ಕಡೆ ಹೋಗಿದ್ದ ಇಬ್ರಾಹಿಂ ಇಬ್ನ್ ಯಾಕೂಬ್ ಇದನ್ನು ಗಮನಿಸಿದ್ದ. ಇವರು ನೀರು, ಪೊದೆ ಜಾಸ್ತಿ ಇರುವ ಹುಲ್ಲುಗಾವಲನ್ನೇ ಹುಡುಕಿ ಹೋಗುತ್ತಾರೆ, ಸುತ್ತ ಅಗೆದು ಆ ಮಣ್ಣನ್ನೇ ಒಡ್ಡು ಕಟ್ಟುತ್ತಾರೆ ಅಂತ ಬರೆದ. ಆದರೆ ದಿಬ್ಬದ ಮೇಲೆ ಮರ ಉಳಿಯುವುದಿಲ್ಲ. ಗಾಳಿ ಇದ್ದಲ್ಲಿ ಬೂಷ್ಟು ತಿಂದುಹಾಕುತ್ತದೆ. ಅಗೆದವರಿಗೆ ಸಿಗುವುದು ಕಂಬ ಇದ್ದ ಜಾಗದಲ್ಲಿ ಒಂದು ಕಪ್ಪು ಕಲೆ, ಅಷ್ಟೇ. ಹೊಳೆಯ ಹೂಳಿಗೆ ಗಾಳಿ ಹೋಗುವುದಿಲ್ಲ. ಅಲ್ಲಿ ಕಂಬ ಕಂಬವಾಗಿಯೇ ಇರುತ್ತದೆ, ಕೊಡಲಿ ಏಟಿನ ಗುರುತು ಸಮೇತ.

ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ಜೆಕ್ ದೇಶದ ಮಿಕುಲ್ಚಿಟ್ಸೆ. 9ನೇ ಶತಮಾನದ ಮೊರಾವಿಯಾ ರಾಜ್ಯದ ದೊಡ್ಡ ಕೇಂದ್ರ ಅದು. ಮೊರಾವಾ ಹೊಳೆಯ ಕವಲುಗಳ ನಡುವೆ ಕಟ್ಟಿದ ಊರು. 1954ರಲ್ಲಿ ಯೋಸೆಫ್ ಪೌಲಿಕ್ ಅಗೆತ ಶುರು ಮಾಡಿದರು. ಚರ್ಚುಗಳ ಅಡಿಪಾಯ, 2,500ಕ್ಕೂ ಜಾಸ್ತಿ ಗೋರಿಗಳು ಸಿಕ್ಕವು. ಸುದ್ದಿಯಾದದ್ದು ಗೋರಿಗಳ ಚಿನ್ನದ ಓಲೆಗಳು. ಆಗಲಿ ಬಿಡಿ, ಅವೂ ಚೆಂದವೇ. ನನ್ನ ಮನಸ್ಸು ಮಾತ್ರ ಕೋಟೆಯ ಪಕ್ಕದ ಸತ್ತ ಹೊಳೆಯ ಪಾತ್ರದಲ್ಲಿದೆ.

ಹೊಳೆ ದಾರಿ ಬದಲಿಸಿತು. ಪ್ರವಾಹ ಬಂದಾಗಲೆಲ್ಲ ತಂದ ಹೂಳು ಹಳೆಯ ಪಾತ್ರವನ್ನು ಮುಚ್ಚಿತು. ಈಗ ಮೇಲೆ ನಿಂತರೆ ಬರೀ ಹುಲ್ಲು. ಕೆಳಗೆ ಸೇತುವೆಯ ಕಂಬಗಳ ಸಾಲು ಸಿಕ್ಕಿತು. ಪಕ್ಕದಲ್ಲಿ ಒಂದೇ ಬೊಡ್ಡೆ ಕೊರೆದು ಮಾಡಿದ ದೋಣಿಗಳು. ಮರದ ಸಾಮಾನು, ಮೀನು ಹಿಡಿಯುವ ಸಲಕರಣೆ ಕೂಡ ಬಂದವು. ಗೋರಿಯಲ್ಲಿ ಇಡುವುದು ಸತ್ತವರಿಗೆ ಒಪ್ಪುವಂಥದ್ದನ್ನು, ಆರಿಸಿ. ಹೊಳೆಗೆ ಬೀಳುವುದು ಕೈಜಾರಿದ್ದು, ಮುರಿದದ್ದು, ಬೇಡವಾದದ್ದು. ಆ ಊರಿನ ಮಾಮೂಲಿ ದಿನ ನೋಡಬೇಕಾದರೆ ನಾನು ಹೊಳೆಯನ್ನೇ ಕೇಳುತ್ತೇನೆ.

ಒಂದು ತಂಟೆ ಇದೆ. ಲೆಡ್ನಿಟ್ಸಾ ಸೇತುವೆಗಳ ಬಳಿ ನೂರಕ್ಕೂ ಹೆಚ್ಚು ಕೊಡಲಿ, ಜೊತೆಗೆ ಭರ್ಜಿ, ಕತ್ತಿ ಸಿಕ್ಕಿವೆ. 1038ರ ಹೊತ್ತಿಗೆ ಬೊಹೆಮಿಯಾದ (ಈಗಿನ ಜೆಕ್ ದೇಶದ ಭಾಗ) ದೊರೆ ಬ್ರೆಟಿಸ್ಲಾವ್ ದಾಳಿ ಮಾಡಿದಾಗ ಸೇತುವೆ ಮೇಲೆ ಕಾದಾಟ ಆಯಿತು ಅನ್ನುವವರಿದ್ದಾರೆ. ನೀರಿಗೆ ಹರಕೆ ಹಾಕಿದ್ದು ಅನ್ನುವವರೂ ಇದ್ದಾರೆ. ನಾನು ಒಂದಷ್ಟನ್ನು ಬಡಗಿಗಳ ಲೆಕ್ಕಕ್ಕೂ ಬರೆಯುತ್ತೇನೆ. ಸೇತುವೆ ರಿಪೇರಿ ಮಾಡುವಾಗ ಒದ್ದೆ ಕೈಯಿಂದ ಕೊಡಲಿ ಜಾರುವುದಿಲ್ವಾ? ಹಾಗಂತ ನೂರೂ ಜಾರಿದವು ಅಂದರೆ, ಆ ಬಡಗಿಗಳಿಗೆ ಕೂಲಿ ಕೊಡಬಾರದಿತ್ತು.

ಇನ್ನು ಮರವನ್ನು ಮೇಲೆತ್ತಿದ ಮೇಲಿನ ಕಥೆ. ನೀರು ಕುಡಿದ ಮರವನ್ನು ಸುಮ್ನೆ ಬಿಸಿಲಿಗಿಟ್ಟರೆ ಸೀಳಿ, ಸೊಟ್ಟಗಾಗಿ, ಆಕಾರವೇ ಹೋಗುತ್ತದೆ. ಅದಕ್ಕೇ ಅದನ್ನು ಮೇಣದಂಥ ಪಾಲಿಎಥಿಲಿನ್ ಗ್ಲೈಕಾಲ್ ಕರಗಿಸಿದ ತೊಟ್ಟಿಯಲ್ಲಿ ಮುಳುಗಿಸಿಡುತ್ತಾರೆ. ಒಳಗಿನ ನೀರಿನ ಜಾಗಕ್ಕೆ ಅದು ನಿಧಾನವಾಗಿ ಇಳಿಯಬೇಕು. ದೊಡ್ಡ ದೋಣಿಗೆ ವರ್ಷಗಳೇ ಹಿಡಿಯುತ್ತವೆ. ಅಗೆಯಲು ದುಡ್ಡು ಕೊಡುವವರು ಸಿಗುತ್ತಾರೆ, ಈ ತೊಟ್ಟಿಗೆ ಕೊಡುವವರು ಕಡಿಮೆ.

ಮಿಕುಲ್ಚಿಟ್ಸೆಯಲ್ಲಿ ಇನ್ನೊಂದು ಆಯಿತು. 2007ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಂಶೋಧನಾ ಕಟ್ಟಡಕ್ಕೆ ಬೆಂಕಿ ಬಿತ್ತು. ದಶಕಗಳಿಂದ ಕೂಡಿಟ್ಟ ವಸ್ತು, ದಾಖಲೆ ಬಹಳಷ್ಟು ಸುಟ್ಟುಹೋದವು. ನೆಲದಲ್ಲಿ ಸಾವಿರ ವರ್ಷ ಇದ್ದದ್ದು, ಮೇಲೆ ಬಂದು ಬಾಳಿದ್ದು ಹೆಚ್ಚೆಂದರೆ ಸುಮಾರು ಅರ್ಧ ಶತಮಾನ.

ಹಾಗಾದರೆ ಉಳಿದದ್ದನ್ನು ಹೂಳಲ್ಲೇ ಬಿಡೋಣ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಮೊರಾವಾ ಹೊಳೆಗೆ ನೇರ ಕಾಲುವೆ ತೋಡಿ, ದಂಡೆ ಕಟ್ಟಿದ ಮೇಲೆ ಅಲ್ಲಿನ ಅಂತರ್ಜಲ ಇಳಿದಿದೆ. ಸಾವಿರ ವರ್ಷ ಒದ್ದೆಯಾಗಿದ್ದ ಹೂಳು ಒಣಗುತ್ತಿದೆ. ಅದರೊಳಗೆ ಗಾಳಿ ಸೇರುತ್ತಿದೆ, ಕಂಬಗಳು ಮೇಲ್ತುದಿಯಿಂದ ಮೆತ್ತಗಾಗುತ್ತಾ ಬರುತ್ತಿವೆ.