ಅಡುಗೆಮನೆಯ ಮೂಲೆಗೆ ಒಂದು ಗೇಣು ಬಿಸಿಲು

ಕೇಳುಗರಿಗೆ ನಮಸ್ಕಾರ.

ನಮ್ಮದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿ. ಅಡುಗೆಮನೆಗೆ ಕಿಟಕಿ ಇದೆ. ಆದರೆ ಕಿಟಕಿ ತೆಗೆದರೆ ಎದುರಿಗೇ ಪಕ್ಕದ ಕಟ್ಟಡದ ಗೋಡೆ. ಕೈ ಚಾಚಿದರೆ ಮುಟ್ಟಬಹುದು. ಅಲ್ಲಿಗೆ ಬಿಸಿಲು ಒಂದು ದಿನವೂ ಬಂದಿದ್ದಿಲ್ಲ. ಊರಿಂದ ಬಂದ ನಮ್ಮಮ್ಮನಿಗೆ ಒಂದೇ ಕೊರಗು. ಸಾರಿಗೆ ಉದುರಿಸೋಕೆ ನಾಲ್ಕು ಎಸಳು ಕೊತ್ತಂಬರಿ ಬೇಕಾದರೂ ಅಂಗಡಿಗೆ ಓಡಬೇಕಲ್ಲಪ್ಪಾ ಅಂತ.

ಅಷ್ಟೇ ತಾನೆ, ಅಂದುಕೊಂಡು ಒಂದು ಟ್ರೇಗೆ ತೆಂಗಿನ ನಾರಿನ ಪುಡಿ, ಗೊಬ್ಬರ ಹಾಕಿ ಕಾಳು ಉದುರಿಸಿದೆ. ಟ್ಯೂಬ್‌ಲೈಟಿನ ಕೆಳಗೆ ಇಟ್ಟೆ. ಹತ್ತು ದಿನಕ್ಕೆ ಮೊಳಕೆ ಬಂತು. ಆಮೇಲೆ ಸಣ್ಣ ದಾರದ ಹಾಗೆ ಉದ್ದುದ್ದ ಎದ್ದು, ಎಲ್ಲ ಒಂದೇ ಕಡೆಗೆ ಮಲಗಿಬಿಟ್ಟವು. 'ಏನಪ್ಪಾ, ಕಾಯಿಲೆಯಾ ಇದಕ್ಕೆ?' ಅಂದರು ಅಮ್ಮ. ಕಾಯಿಲೆ ಅಲ್ಲ, ಹಸಿವು. ಬೆಳಕಿನ ಹಸಿವು. ಮೇಲೆ ಎಲ್ಲೋ ಬೆಳಕು ಇದ್ದೀತು ಅಂತ ಗಿಡ ಇದ್ದಬದ್ದ ಶಕ್ತಿಯನ್ನೆಲ್ಲ ಕಾಂಡಕ್ಕೆ ಸುರಿದು ಮೇಲೇಳುತ್ತದೆ.

ಅಷ್ಟು ಬೆಳಕಿದ್ದರೂ ಹಸಿವಾ? ಇಲ್ಲಿ ನಮಗೆ ಮೋಸ ಮಾಡೋದು ನಮ್ಮ ಕಣ್ಣೇ. ಕಣ್ಣು ಕತ್ತಲಿಗೂ ಹೊಂದಿಕೊಳ್ಳುತ್ತದೆ, ಬಿಸಿಲಿಗೂ ಹೊಂದಿಕೊಳ್ಳುತ್ತದೆ. ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನೋದರ ಅಳತೆ ಲಕ್ಸ್. ಮಧ್ಯಾಹ್ನದ ಬಯಲಿನಲ್ಲಿ ಬೆಳಕು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ರಾತ್ರಿ ದೀಪ ಹಾಕಿದ ಅಡುಗೆಮನೆಯಲ್ಲಿ 200 ಲಕ್ಸ್ ಸಿಕ್ಕರೆ ಪುಣ್ಯ. ಅಂದರೆ ಐನೂರು ಪಟ್ಟು ಕಡಿಮೆ! ನಮಗೆ ಎರಡೂ ಬೆಳಕೇ. ಗಿಡಕ್ಕೆ ಒಂದು ಊಟ, ಇನ್ನೊಂದು ಬರೀ ಊಟದ ವಾಸನೆ.

ಎರಡನೇ ಸಲ ಆನ್‌ಲೈನಿನಲ್ಲಿ ನೇರಳೆ ಬಣ್ಣದ ಒಂದು ದೀಪ ತರಿಸಿದೆ. ಡಬ್ಬದ ಮೇಲೆ 45 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. ಪ್ಲಗ್ ಮೀಟರ್ ಹಾಕಿ ನೋಡಿದರೆ ಎಳೆಯುತ್ತಿದ್ದದ್ದು 15 ವ್ಯಾಟ್. ಅದರ ಬೆಳಕಲ್ಲಿ ಎಲೆಗಳು ಕಪ್ಪಗೆ ಕಾಣುತ್ತಿದ್ದವು, ಹೇನು ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಎದುರು ಮನೆಯವರು ಒಂದು ದಿನ ಬಾಗಿಲಲ್ಲಿ ನಿಂತು, 'ಏನ್ರೀ, ಒಳಗೆ ಗಾಂಜಾ ಬೆಳೀತಾ ಇದ್ದೀರಾ?' ಅಂತ ನಕ್ಕರು.

ಅವರು ತಮಾಷೆಗೆ ಅಂದಿದ್ದು. ಆದರೆ ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಮನೆಯೊಳಗೆ ದೀಪ ಹಾಕಿ ಗಿಡ ಬೆಳೆಸುವ ಕಸುಬನ್ನು ಅಮೆರಿಕ, ಕೆನಡಾ ಕಡೆ ಹೆಚ್ಚು ತಿದ್ದಿ ತೀಡಿದ್ದು ಗಾಂಜಾ ಬೆಳೆಯುವವರೇ. ಕೆನಡಾದಲ್ಲಿ 2018ರಿಂದ ಅದು ಕಾನೂನುಬದ್ಧ. ಹೆಚ್ಚಿನ ಪ್ರಾಂತ್ಯಗಳಲ್ಲಿ ಮನೆಗೆ ನಾಲ್ಕು ಗಿಡ ಬೆಳೆಯಬಹುದು. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಒಂದು ಗಿಡ ಬೆಳೆದರೂ ಅಪರಾಧ. ನಮಗೆ ಆ ಗಿಡ ಬೇಡ ಬಿಡಿ, ಕೊತ್ತಂಬರಿಯೇ ಸಾಕು.

ಈ ನೇರಳೆ ಬಣ್ಣ ಎಲ್ಲಿಂದ ಬಂತು? ಎಲೆಯ ಹಸಿರು ಪದಾರ್ಥ ಕೆಂಪು ಮತ್ತು ನೀಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹಾಗಾಗಿ ಅಂತರಿಕ್ಷದಲ್ಲಿ ಸೊಪ್ಪು ಬೆಳೆಯಲು ಹೊರಟ ನಾಸಾದವರು ಕೆಂಪು, ನೀಲಿ ಎಲ್‌ಇಡಿಗಳನ್ನು ಹಿಡಿದರು. 2015ರಲ್ಲಿ ಅಂತರಿಕ್ಷ ನಿಲ್ದಾಣದ ಯಾತ್ರಿಗಳು ಅಲ್ಲೇ ಬೆಳೆದ ಲೆಟ್ಯೂಸ್ ಸೊಪ್ಪು ತಿಂದರು. ಅಲ್ಲಿ ಒಂದೊಂದು ವ್ಯಾಟಿಗೂ ಲೆಕ್ಕ. ಆದರೆ ಗಿಡಕ್ಕೆ ಹಸಿರು ಬೆಳಕು ಬೇಡವೇ ಬೇಡ ಅನ್ನೋದು ತಪ್ಪು. ಮೆಕ್ರೀ ಎಂಬ ವಿಜ್ಞಾನಿ 1972ರಲ್ಲೇ ಇಪ್ಪತ್ತಕ್ಕೂ ಹೆಚ್ಚು ಬಗೆಯ ಬೆಳೆಗಳ ಎಲೆ ಪರೀಕ್ಷಿಸಿ, ಹಸಿರು ಬೆಳಕಿನಲ್ಲೂ ಅವು ಕೆಲಸ ಮಾಡುತ್ತವೆ ಅಂತ ತೋರಿಸಿದ್ದರು. ಹಾಗಾದರೆ ಬಿಳಿ ಬೆಳಕೇ ಸಾಕಲ್ವಾ? ಸಾಕು.

ನಮ್ಮ ಮನೆಯ ಬಿಳಿ ಎಲ್‌ಇಡಿ ಬಲ್ಬಿನ ಒಳಗಿರೋದು ನಿಜವಾಗಿ ನೀಲಿ ಎಲ್‌ಇಡಿ. ಅದರ ಮೇಲೆ ಹಳದಿ ಪುಡಿ ಬಳಿದಿರುತ್ತಾರೆ. ನೀಲಿ, ಹಳದಿ ಸೇರಿ ಕಣ್ಣಿಗೆ ಬಿಳಿ. ಆ ನೀಲಿ ಎಲ್‌ಇಡಿ ಮಾಡೋದು ಎಷ್ಟು ಕಷ್ಟ ಅಂದರೆ, ಅದಕ್ಕಾಗಿ ದುಡಿದ ಅಕಸಾಕಿ, ಅಮಾನೋ, ನಕಮುರಾ ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಮರುವರ್ಷವೇ ನಮ್ಮಲ್ಲಿ ಜನರಿಗೆ ಅಗ್ಗವಾಗಿ ಎಲ್‌ಇಡಿ ಬಲ್ಬು ಕೊಡುವ ಉಜಾಲಾ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಅದನ್ನು 'ಹೊಸ ಬೆಳಕು' ಅಂತ ಕರೆದರು. ಸರ್ಕಾರ ಕೋಟಿಗಟ್ಟಲೆ ಬಲ್ಬು ಒಟ್ಟಿಗೆ ಕೊಂಡಿದ್ದರಿಂದ ಬೆಲೆ ಧೊಪ್ ಅಂತ ಇಳಿಯಿತು. ನೊಬೆಲ್ ಬಂದ ವಸ್ತು ಈಗ ಮೂಲೆ ಅಂಗಡಿಯಲ್ಲಿ ನೂರು ರೂಪಾಯಿಗೆ ಸಿಗುತ್ತದೆ.

ಹಾಗಾಗಿ ಮೂರನೇ ಸಲ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋದೆ. 9 ವ್ಯಾಟಿನ ನಾಲ್ಕು ಬಲ್ಬು, ನಾಲ್ಕು ಹೋಲ್ಡರ್, ವೈರು, ಮೂರು ಪಿನ್ನಿನ ಪ್ಲಗ್. ಮನೆಯಲ್ಲಿದ್ದ ಎರಡು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆಗೆ ಹೋಲ್ಡರುಗಳನ್ನು ಕೂರಿಸಿದೆ. ಬಲ್ಬಿನ ಡಬ್ಬದ ಮೇಲೆ ಎರಡು ಸಂಗತಿ ನೋಡಿ. ಒಂದು, ಲ್ಯೂಮೆನ್, ಅಂದರೆ ಬಲ್ಬು ಒಟ್ಟು ಕೊಡುವ ಬೆಳಕು. 9 ವ್ಯಾಟಿಗೆ 900 ಇದ್ದರೆ ಒಳ್ಳೆಯದು. ಎರಡು, ಬೆಳಕಿನ ಬಣ್ಣ ಹೇಳುವ ಅಂಕಿ, 6500 ಕೆ (ಕೆಲ್ವಿನ್) ಅಂತ ಬರೆದಿರುತ್ತದೆ. ಇದರಲ್ಲಿ ನೀಲಿ ಅಂಶ ಜಾಸ್ತಿ, ಸೊಪ್ಪು ಗಿಡ್ಡವಾಗಿ, ದಟ್ಟವಾಗಿ ಬರುತ್ತದೆ.

ಇನ್ನು ಎತ್ತರ. ಎಲ್ಲಕ್ಕಿಂತ ಮುಖ್ಯ ಇದೇ. ಹಲಗೆಯನ್ನು ಹಗ್ಗದಲ್ಲಿ ತೂಗುಹಾಕಿ, ಬಲ್ಬಿನ ತುದಿ ಗಿಡದ ತಲೆಯಿಂದ ಒಂದು ಗೇಣು ಮೇಲಿರುವಂತೆ ಇಳಿಸಿದೆ. ಅದೇ ಬಲ್ಬು ಚಾವಣಿಯಲ್ಲಿದ್ದರೆ ದಂಡ. ಹತ್ತಿರ ತಂದರೆ ಬಿಸಿಲಿನ ತಮ್ಮ. ಫೋನಿನ ಲಕ್ಸ್ ಆ್ಯಪ್ ಹಿಡಿದು ನೋಡಿದೆ. ಅದು ಕರಾರುವಾಕ್ಕಲ್ಲ, ಆದರೂ ಅಂದಾಜಿಗೆ ಸಾಕು. ಟ್ರೇ ಮೇಲೆ 12 ಸಾವಿರ ತೋರಿಸಿತು. ಬದಿಗಳಿಗೆ ಹಳೆಯ ಮದುವೆ ಪತ್ರಿಕೆಗಳ ಬಿಳಿ ಬೆನ್ನು ಒಳಗೆ ಬರುವ ಹಾಗೆ ನಿಲ್ಲಿಸಿದೆ. ಹೊರಗೆ ಸೋರುತ್ತಿದ್ದ ಬೆಳಕು ಒಳಕ್ಕೆ ತಿರುಗಿತು. ಯಾರ ಯಾರದೋ ಮದುವೆ ನಮ್ಮ ಕೊತ್ತಂಬರಿಗೆ ಉಪಯೋಗವಾಯಿತು ನೋಡಿ! ಗಿಡ ಬೆಳೆದ ಹಾಗೆ ಹಗ್ಗ ಮೇಲಕ್ಕೆ. ಎಲೆ ಇರುವ ಮಟ್ಟದಲ್ಲಿ ಅಂಗೈ ಹಿಂಭಾಗ ಹಿಡಿಯಿರಿ, ಬಿಸಿ ತಾಗಿದರೆ ಇನ್ನೂ ಸ್ವಲ್ಪ ಎತ್ತಿ.

ಒಂದು ಎಚ್ಚರಿಕೆ ಹೇಳಲೇಬೇಕು. ಬಲ್ಬಿನ ಬಿಳಿ ಬುರುಡೆ ಕಿತ್ತರೆ ಬೆಳಕು ಜಾಸ್ತಿ ಬರುತ್ತದೆ ಅಂತ ವಿಡಿಯೊಗಳಲ್ಲಿ ತೋರಿಸುತ್ತಾರೆ. ಬರುತ್ತದೆ, ನಿಜ. ಆದರೆ ಅಗ್ಗದ ಬಲ್ಬುಗಳಲ್ಲಿ ಒಳಗಿನ ಎಲ್‌ಇಡಿ ತಟ್ಟೆಗೂ 230 ವೋಲ್ಟಿನ ಲೈನಿಗೂ ನಡುವೆ ಯಾವ ತಡೆಯೂ ಇರೋದಿಲ್ಲ. ನೀರು ಚಿಮುಕಿಸೋ ಜಾಗದಲ್ಲಿ ಆ ತಟ್ಟೆ ಬಿಚ್ಚಿಡೋದು ಹುಚ್ಚು. ಬುರುಡೆ ಇರಲಿ. ನೀರು ಹಾಕುವಾಗ ಸ್ವಿಚ್ ಆರಿಸಿ. ವೈರಿನ ಜೋಡಣೆ ಹಲಗೆಯ ಮೇಲ್ಭಾಗದಲ್ಲಿರಲಿ. ವೈರಿಂಗ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರೀಷಿಯನ್‌ಗೆ ಇನ್ನೂರು ರೂಪಾಯಿ ಕೊಟ್ಟು ಮಾಡಿಸಿ. ಅಲ್ಲಿ ಜಿಪುಣತನ ಬೇಡ. ಹಾಗೆಯೇ ಬಲ್ಬುಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಡಿ. ಸಾಮಾನ್ಯವಾಗಿ ಮೊದಲು ಸಾಯೋದು ಎಲ್‌ಇಡಿ ಅಲ್ಲ, ಅದರ ಹಿಂದಿರುವ ಡ್ರೈವರ್, ಅಂದರೆ ಎಲ್‌ಇಡಿಗೆ ಕರೆಂಟನ್ನು ಹದ ಮಾಡಿ ಕೊಡುವ ಸರ್ಕ್ಯೂಟ್. ಅದನ್ನು ಕೊಲ್ಲೋದು ಬಿಸಿ.

ಎಷ್ಟು ಗಂಟೆ ದೀಪ ಉರಿಸಬೇಕು? ಜಾಸ್ತಿ ಉರಿಸಿದಷ್ಟೂ ಒಳ್ಳೆಯದು ಅಂದುಕೊಂಡು ನಾನು 16 ಗಂಟೆ ಉರಿಸಿದೆ. ಕೊತ್ತಂಬರಿ ಎಲೆ ಬಿಡೋದು ಬಿಟ್ಟು ಬೇಗನೆ ಹೂವಿಗೆ ತಿರುಗಿತು! ಕೊತ್ತಂಬರಿಗೆ ಹಗಲು ಉದ್ದವಾದರೆ ಹೂ ಬಿಡುವ ಅವಸರ. ಸೇವಂತಿಗೆ ಇದಕ್ಕೆ ಉಲ್ಟಾ, ಅದಕ್ಕೆ ರಾತ್ರಿ ಉದ್ದವಾಗಬೇಕು. ಗಾಂಜಾದ್ದೂ ಅದೇ ಸ್ವಭಾವ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಹೊಲದ ತುಂಬ ಬಲ್ಬು ಉರಿಯೋದನ್ನು ನೋಡಿರುತ್ತೀರಿ. ಜಾತ್ರೆಯೇನೋ ಅನ್ನಿಸುತ್ತದೆ. ಅದು ಸೇವಂತಿಗೆ ತೋಟ. ರಾತ್ರಿಯನ್ನು ಬೆಳಕಿನಿಂದ ಕತ್ತರಿಸಿ, ಗಿಡ ಎತ್ತರ ಆಗೋ ತನಕ ಹೂವನ್ನು ತಡೆದಿಡುತ್ತಾರೆ. ಆಮೇಲೆ ದೀಪ ಆರಿಸುತ್ತಾರೆ. ಹೂ ಯಾವಾಗ ಬರಬೇಕು ಅಂತ ತೀರ್ಮಾನಿಸೋದು ರೈತರ ಸ್ವಿಚ್ಚು. ಸಾವಿರಾರು ಗಿಡ ಆಳುವ ಅವರ ಮುಂದೆ ನನ್ನ ಟ್ರೇ ಏನು ಮಹಾ. ಅವರನ್ನು ನೋಡಿಯೇ ನಾನು ಒಂದು ಟೈಮರ್ ತಂದು 12 ಗಂಟೆಗೆ ಇಳಿಸಿದೆ.

ಖರ್ಚಿನ ಲೆಕ್ಕ ಹೀಗೆ. ಟೈಮರ್ ಸೇರಿ ಒಟ್ಟು ಸಾವಿರದ ಆಸುಪಾಸು. 36 ವ್ಯಾಟ್ 12 ಗಂಟೆ ಉರಿದರೆ ತಿಂಗಳಿಗೆ 13 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 78 ರೂಪಾಯಿ. ಗೃಹಜ್ಯೋತಿ ಇರುವವರು ಸ್ವಲ್ಪ ನೋಡಿಕೊಳ್ಳಿ. ನಿಮ್ಮ ಸರಾಸರಿ 100 ಯೂನಿಟ್ ಇದ್ದರೆ ಉಚಿತ ಸಿಗೋದು 110ರ ತನಕ. ಈ 13 ಸೇರಿದರೆ ಮೂರು ಯೂನಿಟ್ಟಿನ ದುಡ್ಡು ನಿಮ್ಮದು. ಬರೀ ದುಡ್ಡೇ ನೋಡಿದರೆ ಕಟ್ಟು ಕೊಂಡುಕೊಳ್ಳೋದೇ ಎಷ್ಟೋ ಸಲ ಅಗ್ಗ. ಸುಳ್ಳು ಯಾಕೆ ಹೇಳಲಿ. ಮಳೆಗಾಲದಲ್ಲಿ ಕಟ್ಟಿನ ಬೆಲೆ ಏರಿದಾಗ ಮಾತ್ರ ನಾನು ಸ್ವಲ್ಪ ಬೀಗುತ್ತೇನೆ.

ಈಗ ಟ್ರೇಯ ಅರ್ಧ ಕೊತ್ತಂಬರಿ, ಅರ್ಧ ಮೆಂತ್ಯ. ಕೊತ್ತಂಬರಿ ಕಾಳನ್ನು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಬಿತ್ತೋದು ಅಮ್ಮನ ಕೆಲಸ. ಮೊನ್ನೆ ಅವರು ಟ್ರೇ ಮುಂದೆ ನಿಂತು ಕೇಳಿದರು, 'ಇದರ ಕೆಳಗೇ ಒಂದು ಕರಿಬೇವು ಹಾಕಿದರೆ ಆಗಲ್ವೇನಪ್ಪಾ?' ಕರಿಬೇವು ಮರ ಕಣಮ್ಮ, ಅದಕ್ಕೆ ನಿಜವಾದ ಬಿಸಿಲೇ ಬೇಕು ಅಂದೆ. ಅವರು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಟ್ರೇಯ ಮೂಲೆಯಲ್ಲಿ ನಾಲ್ಕು ಕರಿಬೇವಿನ ಬೀಜ ಊರಿದ್ದರು.

ನಮಸ್ಕಾರ.