ರಾತ್ರಿ ಎಷ್ಟು ಸಲ ಏಳುತ್ತೀರಿ?

ನಮಸ್ಕಾರ ಕೇಳುಗರೇ.

ಮೂಡಿಗೆರೆ ಕಡೆಯ ನಮ್ಮ ಹಳೇ ಮನೆಯಲ್ಲಿ ಬಚ್ಚಲು, ಪಾಯಿಖಾನೆ ಎರಡೂ ಹಿತ್ತಲಲ್ಲಿ. ಪುಷ್ಯ ಮಳೆ ಹೊಡೆಯುವಾಗಲೂ ನಮ್ಮಪ್ಪ ರಾತ್ರಿ ಮೂರು ಸಲ, ನಾಲ್ಕು ಸಲ ಟಾರ್ಚ್ ಹಿಡಿದು ಹೋಗಿ ಬರುತ್ತಿದ್ದರು. "ವಯಸ್ಸಾಯ್ತಲ್ಲಮ್ಮ, ಇದೆಲ್ಲ ಇದ್ದದ್ದೇ" ಅನ್ನುತ್ತಿದ್ದರು. ನಾವೂ ಸುಮ್ನಿದ್ದೆವು. ಒಂದು ರಾತ್ರಿ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿಬಿದ್ದರು. ಎಡಗೈ ಮಣಿಕಟ್ಟು ಮುರಿಯಿತು. ಅಷ್ಟು ಸಲ ಯಾಕೆ ಏಳುತ್ತೀರಿ ಅಂತ ನಾವು ಕೇಳಿದ್ದೇ ಆಮೇಲೆ.

ವಯಸ್ಸಾದವರು ರಾತ್ರಿ ಮೂತ್ರಕ್ಕೆ ಒಂದು ಸಲ ಏಳುವುದು ಮಾಮೂಲಿ. ಎರಡು, ಮೂರು ಸಲ ಎದ್ದು ನಿದ್ದೆ ಕೆಡುತ್ತಿದ್ದರೆ ಕಾರಣ ಹುಡುಕಲೇಬೇಕು.

ಡಾಕ್ಟರು ಮೊದಲು ಮಾತ್ರೆ ಬರೆಯಲಿಲ್ಲ. ಯಾವಾಗ ಎಷ್ಟು ಮೂತ್ರ ಹೋಯಿತು ಅಂತ ಮೂರು ದಿನ ಲೆಕ್ಕ ಬರೆದು ತನ್ನಿ ಅಂದರು. ಅಳತೆ ಗೆರೆ ಇರುವ ಒಂದು ಪ್ಲಾಸ್ಟಿಕ್ ಮಗ್ ತಂದೆವು. ಅಪ್ಪ ತೋಟದ ಆಳುಗಳ ಹಾಜರಿ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದರು: ರಾತ್ರಿ 11:20, 350 ಮಿಲಿ. 1:40, 300 ಮಿಲಿ. 3:30, ಮತ್ತೆ 350. ಯಾವಾಗ ಏನು ಕುಡಿದರು ಅನ್ನುವುದೂ ಪಕ್ಕದಲ್ಲಿತ್ತು.

ಆ ಹಾಳೆಯಲ್ಲೇ ಅರ್ಧ ಉತ್ತರ ಸಿಕ್ಕಿತು. ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಬಂದರೆ ತೊಂದರೆ ಮೂತ್ರಕೋಶದ ಕಡೆ ಇರಬಹುದು. ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರಬಹುದು, ಯಾರಿಗೇ ಆದರೂ ಸೋಂಕು ಇರಬಹುದು. ಪ್ರತಿ ಸಲವೂ ತುಂಬ ಬಂದರೆ ದೇಹವೇ ರಾತ್ರಿ ಹೊತ್ತು ಮೂತ್ರ ಜಾಸ್ತಿ ಮಾಡುತ್ತಿದೆ ಅಂತ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಗೊರಕೆಯ ಮಧ್ಯೆ ಉಸಿರು ನಿಲ್ಲುವ ಕಾಯಿಲೆ, ಇವೆಲ್ಲ ಇದಕ್ಕೆ ಕಾರಣ ಆಗುತ್ತವೆ.

ಡಾಕ್ಟರು ಅಪ್ಪನ ಕಣಕಾಲನ್ನು ಹೆಬ್ಬೆರಳಲ್ಲಿ ಒತ್ತಿದರು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಹಗಲೆಲ್ಲ ಕಾಲಲ್ಲಿ ಇಳಿದು ನಿಂತ ನೀರು, ಮಲಗಿದ ಮೇಲೆ ರಕ್ತಕ್ಕೆ ವಾಪಸ್ ಸೇರುತ್ತದೆ. ಮೂತ್ರಪಿಂಡ ಅದನ್ನು ರಾತ್ರಿಯಿಡೀ ಸೋಸಿ ಹೊರಗೆ ಹಾಕುತ್ತದೆ. ಕೆಲವು ಬಿಪಿ ಮಾತ್ರೆಗಳಿಂದಲೂ ಕಾಲು ಊದುತ್ತದೆ. ಹೃದಯ, ಸಕ್ಕರೆ, ಮೂತ್ರಪಿಂಡ ಎಲ್ಲ ಪರೀಕ್ಷೆ ಮಾಡಿಸಿದೆವು. ಅಪ್ಪನ ಬಿಪಿ ಮಾತ್ರೆ ಬದಲಾಯಿಸಿದ್ದು ಡಾಕ್ಟರೇ. ದಯವಿಟ್ಟು ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಮಧ್ಯಾಹ್ನ ಊಟ ಆದ ಮೇಲೆ ಅಪ್ಪ ಈಗ ಒಂದು ಗಂಟೆ ದಿಂಬಿನ ಮೇಲೆ ಕಾಲಿಟ್ಟು ಮಲಗುತ್ತಾರೆ. ಆ ನೀರು ಸಂಜೆಯೊಳಗೇ ಹೋಗುತ್ತದೆ. ನಮ್ಮ ಕಡೆ ರಾತ್ರಿ ಊಟ ಆದ ಮೇಲೂ ಸ್ಟ್ರಾಂಗ್ ಕಾಫಿ ಕುಡಿಯುವ ಅಭ್ಯಾಸ ಇದೆ ಅಲ್ವಾ, ಅದನ್ನು ಬಿಡಿಸುವುದೇ ಕಷ್ಟವಾಯಿತು. ಈಗ ಸಂಜೆ ನಾಲ್ಕರ ಕಾಫಿಯೇ ಕೊನೆ.

ಕೆಲವರು ರಾತ್ರಿ ಏಳಬೇಕಾಗುತ್ತದೆ ಅಂತ ಹಗಲೂ ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದು ತಪ್ಪು. ಹಗಲು ಚೆನ್ನಾಗಿ ಕುಡಿಯಿರಿ, ಮಲಗುವ ಮುಂಚಿನ ಎರಡು ಮೂರು ಗಂಟೆ ಮಾತ್ರ ಕಡಿಮೆ ಮಾಡಿ. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರು ಹೇಳಿದಷ್ಟೇ ಕುಡಿಯಬೇಕು. ವಿಪರೀತ ಬಾಯಾರಿಕೆ ಇದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ.

ಹೆಂಗಸರು ಇದನ್ನು ಯಾರಿಗೂ ಹೇಳುವುದಿಲ್ಲ. ಅಮ್ಮ, ಅತ್ತೆ ಇದ್ದರೆ ನೀವೇ ಕೇಳಿ. ಹಾಸಿಗೆಯಿಂದ ಬಚ್ಚಲವರೆಗೆ ಒಂದು ಸಣ್ಣ ದೀಪ ಉರಿಯಲಿ. ಹೊರಗೆ ಹೋಗಲೇಬೇಕಾದ ಮನೆಯಾದರೆ ಮಂಚದ ಪಕ್ಕ ಒಂದು ಪಾತ್ರೆ ಇಡಿ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ಮೂತ್ರದಲ್ಲಿ ರಕ್ತ ಕಂಡರೆ, ಉರಿಮೂತ್ರದ ಜೊತೆ ಚಳಿಜ್ವರ ಬಂದರೆ ಲೆಕ್ಕ ಬರೆಯುತ್ತಾ ಕೂರಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ಮೂತ್ರ ಪೂರ್ತಿ ಕಟ್ಟಿಕೊಂಡರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ನಮಸ್ಕಾರ.