ತುಟಿ, ಉಸಿರು ಮತ್ತು ಹಾಡು: ವಿದ್ಯಾರ್ಥಿಗಳ ಸಂಗೀತ ವೀಡಿಯೊದಲ್ಲಿ ಲಿಪ್ ಸಿಂಕ್

ಆತ್ಮೀಯ ವಿದ್ಯಾರ್ಥಿ ಮಿತ್ರರೇ, ಅಧ್ಯಾಪಕ ಬಂಧುಗಳೇ,

ಸಂಗೀತ ವೀಡಿಯೊ ಮಾಡಲು ಹೊರಟ ವಿದ್ಯಾರ್ಥಿ ತಂಡಗಳು ಕ್ಯಾಮೆರಾ, ಲೆನ್ಸ್, ಬಣ್ಣಗಳ ಬಗ್ಗೆ ಎಷ್ಟೋ ಹೊತ್ತು ಚರ್ಚಿಸುತ್ತವೆ. ಹಾಡುವವರ ತುಟಿಗಳ ಬಗ್ಗೆ ಮಾತ್ರ ಯಾರೂ ಮಾತನಾಡುವುದಿಲ್ಲ. ನೋಡುಗರ ಕಣ್ಣಾದರೋ ಮೊದಲು ಹೋಗುವುದು ಮುಖದ ಕಡೆಗೆ. ತುಟಿ ತಪ್ಪಿದರೆ ಎಡಿಟಿಂಗ್‌ನಲ್ಲಿ ಸರಿಮಾಡಿಕೊಳ್ಳೋಣ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಲಿಪ್ ಸಿಂಕ್‌ನ, ಅಂದರೆ ಮೊದಲೇ ಧ್ವನಿಮುದ್ರಿಸಿದ ಹಾಡಿಗೆ ತುಟಿಯ ಚಲನೆಯನ್ನು ಹೊಂದಿಸುವ ಕೆಲಸದ, ಬಹುಪಾಲು ಚಿತ್ರೀಕರಣದ ಸ್ಥಳದಲ್ಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಧ್ವನಿಯೂ ಚಿತ್ರವೂ ಎಷ್ಟು ಬೇರೆಯಾದರೆ ನಮಗೆ ಗೊತ್ತಾಗುತ್ತದೆ? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ, ಧ್ವನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದಾದರೆ ವ್ಯತ್ಯಾಸ ಗಮನಕ್ಕೆ ಬರತೊಡಗುತ್ತದೆ. ಹಿಂದಾದರೆ ಸುಮಾರು 125 ಮಿಲಿಸೆಕೆಂಡ್‌ವರೆಗೆ ನಾವು ಗುರುತಿಸುವುದಿಲ್ಲ. ಬೆಳಕಿಗಿಂತ ಶಬ್ದ ತಡವಾಗಿ ತಲುಪುವ ಜಗತ್ತಿನಲ್ಲೇ ಬದುಕುವ ನಮಗೆ ತಡವಾದ ಧ್ವನಿ ಸಹಜ, ಮೊದಲೇ ಬಂದ ಧ್ವನಿ ಅಸಹಜ. ಸೆಕೆಂಡಿಗೆ 25 ಫ್ರೇಮ್‌ಗಳ, ಅಂದರೆ 25 ಬಿಡಿ ಚಿತ್ರಗಳ, ವೀಡಿಯೊದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಹಾಗಾಗಿ ಹಾಡು ಒಂದೇ ಫ್ರೇಮ್ ಮುಂದೆ ಸರಿದರೂ ನಾವು ಮಿತಿಯ ಅಂಚಿಗೆ ಬಂದಿರುತ್ತೇವೆ. ಇನ್ನೊಂದು ವಿಷಯವೂ ಇದೆ. 1976ರಲ್ಲಿ ಮೆಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು, ‘ಗ’ ಎನ್ನುವ ಬಾಯಿಯ ಚಿತ್ರಕ್ಕೆ ‘ಬ’ ಎಂಬ ಧ್ವನಿಯನ್ನು ಜೋಡಿಸಿದಾಗ ಅನೇಕರಿಗೆ ‘ದ’ ಎಂದು ಕೇಳಿಸುತ್ತದೆ ಎಂದು ತೋರಿಸಿದರು. ಕಣ್ಣು ಕಂಡದ್ದು ಕಿವಿ ಕೇಳುವುದನ್ನೇ ಬದಲಿಸುತ್ತದೆ. ತುಟಿ ತಪ್ಪಿದ ವೀಡಿಯೊದಲ್ಲಿ ಸಾಹಿತ್ಯವೇ ಅಸ್ಪಷ್ಟವಾಗಬಹುದು.

ಆದ್ದರಿಂದ ಹಾಡಿನ ಅಂತಿಮ ಮಿಶ್ರಣ ಮುಗಿಯುವವರೆಗೆ ಕ್ಯಾಮೆರಾ ಹೊರತೆಗೆಯಬೇಡಿ. ಸ್ಥಳದಲ್ಲಿ ನುಡಿಸುವುದಕ್ಕೂ ಎಡಿಟಿಂಗ್‌ಗೂ ಒಂದೇ ವೇವ್ (WAV) ಧ್ವನಿ ಫೈಲ್ ಇರಲಿ. ಎಂಪಿ3ಗೆ ಪರಿವರ್ತಿಸುವಾಗ ಆರಂಭದಲ್ಲಿ ಚಿಕ್ಕದೊಂದು ಮೌನ ಸೇರಿಕೊಳ್ಳುವುದುಂಟು. ಹಾಡಿನ ಮೊದಲು ತಾಳಕ್ಕೆ ಸರಿಯಾಗಿ ಕೆಲವು ಬೀಪ್‌ಗಳನ್ನು ಸೇರಿಸಿದರೆ ಹಾಡುವವರಿಗೆ ಎತ್ತುಗಡೆ ಸಿಗುತ್ತದೆ, ಸಂಕಲನಕಾರರಿಗೆ ಗುರುತೂ ಸಿಗುತ್ತದೆ. ಕ್ಯಾಮೆರಾದ ಮೈಕ್ ಸದಾ ಚಾಲೂ ಇರಬೇಕು. ಆ ಧ್ವನಿ ಪ್ರೇಕ್ಷಕರನ್ನು ತಲುಪುವುದಿಲ್ಲವಾದರೂ ಹೊಂದಾಣಿಕೆಗೆ ಅದೇ ಆಧಾರ. ಸ್ಪೀಕರ್ ಎಲ್ಲಿಡಬೇಕೆಂಬುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಹತ್ತು ಮೀಟರ್ ಕ್ರಮಿಸಲು ಶಬ್ದಕ್ಕೆ ಸುಮಾರು 29 ಮಿಲಿಸೆಕೆಂಡ್ ಬೇಕು. ಸ್ಪೀಕರ್ ಕ್ಯಾಮೆರಾದ ಪಕ್ಕದಲ್ಲಿದ್ದು ಗಾಯಕಿ ದೂರದಲ್ಲಿ ನಿಂತಿದ್ದರೆ, ಆಕೆಗೆ ಹಾಡು ತಡವಾಗಿ ಕೇಳಿಸುತ್ತದೆ. ತುಟಿಯೂ ಅಷ್ಟೇ ತಡವಾಗಿ ಚಲಿಸುತ್ತದೆ. ಕೊನೆಗೆ ಧ್ವನಿ ಚಿತ್ರಕ್ಕಿಂತ ಮುಂದಾಗುತ್ತದೆ, ಅಂದರೆ ನಾವು ಸಹಿಸದ ದಿಕ್ಕಿಗೇ ಸರಿಯುತ್ತದೆ. ಸ್ಪೀಕರ್ ಹಾಡುವವರ ಹತ್ತಿರವಿರಲಿ.

ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಬೇರೆ. ಕ್ಯಾಮೆರಾದ ಮುಂದೆ ಬಾಯಿ ಆಡಿಸಿದರೆ ಸಾಲದು, ನಿಜವಾಗಿ ಗಂಟಲು ಬಿಟ್ಟು ಹಾಡಬೇಕು. ಹಾಡುವಾಗ ಕತ್ತಿನ ಸ್ನಾಯು ಬಿಗಿಯುತ್ತದೆ, ಎದೆ ಏರುತ್ತದೆ, ಮೇಲಿನ ಸ್ವರಕ್ಕೆ ಹೋಗುವಾಗ ಹುಬ್ಬು ಕದಲುತ್ತದೆ, ಸಾಲು ಮುಗಿದ ಬಳಿಕ ಉಸಿರು ಒಳಗೆ ಬರುತ್ತದೆ. ಬರೀ ತುಟಿ ಅಲ್ಲಾಡಿಸಿದಾಗ ಇವು ಯಾವುವೂ ಇರುವುದಿಲ್ಲ. ಒಂದು ಫ್ರೇಮ್ ಕೂಡ ತಪ್ಪದಿದ್ದರೂ ದೃಶ್ಯ ಸುಳ್ಳೆನಿಸುತ್ತದೆ. ಸಂಕೋಚದ ಸ್ವಭಾವದವರಿಗೆ ಇದು ಕಷ್ಟವೆಂದು ಬಲ್ಲೆ. ಅದಕ್ಕಾಗಿ ಸ್ಪೀಕರ್‌ನ ಧ್ವನಿ ಏರಿಸಿ, ಅನಗತ್ಯವಾಗಿ ನಿಂತವರನ್ನು ಹೊರಗೆ ಕಳುಹಿಸಿ, ಮೊದಲು ದೂರದ ಶಾಟ್‌ಗಳನ್ನು ತೆಗೆದು, ಮೈಚಳಿ ಬಿಟ್ಟು ಹಾಡತೊಡಗಿದ ಮೇಲೆ ಕ್ಲೋಸಪ್‌ಗೆ ಬನ್ನಿ. ಸಾಹಿತ್ಯ ಬಾಯಿಪಾಠವಾಗಿದ್ದರೆ ಸಾಲದು. ಧ್ವನಿಮುದ್ರಣದಲ್ಲಿ ಗಾಯಕರು ಎಲ್ಲಿ ಉಸಿರು ತೆಗೆದುಕೊಂಡಿದ್ದಾರೆ, ಯಾವ ಅಕ್ಷರವನ್ನು ಎಳೆದಿದ್ದಾರೆ ಎಂಬುದೂ ಮನನವಾಗಿರಬೇಕು.

ನಿಧಾನಗತಿಯ ದೃಶ್ಯದಲ್ಲೂ ತುಟಿ ಹೊಂದಿಸಬಹುದು. ಸೆಕೆಂಡಿಗೆ 50 ಫ್ರೇಮ್‌ಗಳಲ್ಲಿ ಚಿತ್ರಿಸಿದ್ದನ್ನು 25ರಲ್ಲಿ ತೋರಿಸುವುದಾದರೆ, ಚಿತ್ರೀಕರಣದ ವೇಳೆ ಹಾಡನ್ನು ಎರಡರಷ್ಟು ವೇಗದಲ್ಲಿ ನುಡಿಸಿ, ಅದೇ ವೇಗಕ್ಕೆ ಹಾಡಿಸಬೇಕು.

ಎಡಿಟಿಂಗ್‌ನಲ್ಲಿ ಮೊದಲು ಮೂಲ ಹಾಡನ್ನು ಟೈಮ್‌ಲೈನ್‌ನಲ್ಲಿರಿಸಿ, ಅದನ್ನು ಎಂದಿಗೂ ಕದಲಿಸದೆ, ಎಲ್ಲ ಟೇಕ್‌ಗಳನ್ನೂ ಒಂದರ ಮೇಲೊಂದು ಪೇರಿಸಿ ವೇವ್‌ಫಾರ್ಮ್ (ಧ್ವನಿಯ ಏರಿಳಿತ ತೋರಿಸುವ ಗೆರೆ) ನೋಡಿ ಹೊಂದಿಸಿ. ಮೊಬೈಲ್ ಫೋನ್‌ಗಳು ಹಲವೊಮ್ಮೆ ಫ್ರೇಮ್ ದರವನ್ನು ಏರಿಳಿಸುತ್ತಾ ಚಿತ್ರಿಸುವುದರಿಂದ, ಆರಂಭದಲ್ಲಿ ಸರಿಯಿದ್ದ ಟೇಕ್ ಕೊನೆಯ ಚರಣಕ್ಕೆ ಬರುವಷ್ಟರಲ್ಲಿ ಜಾರಿರಬಹುದು. ಅಂಥ ಕಡತಗಳನ್ನು ಸ್ಥಿರ ದರಕ್ಕೆ ಪರಿವರ್ತಿಸಿಕೊಂಡೇ ಕೆಲಸ ಆರಂಭಿಸಿ. ಪರೀಕ್ಷೆಗೆ ಪ, ಬ, ಮ ಅಕ್ಷರಗಳನ್ನು ಹುಡುಕಿ. ಇವುಗಳಿಗೆ ತುಟಿಗಳೆರಡೂ ಮುಚ್ಚಲೇಬೇಕಾದ್ದರಿಂದ ತಪ್ಪು ಇಲ್ಲಿ ಅಡಗಲಾರದು. ಕ, ಗ ಗಂಟಲಿನ ಬಳಿಯೇ ಹುಟ್ಟುವುದರಿಂದ ಅಷ್ಟು ಸುಳಿವು ಕೊಡುವುದಿಲ್ಲ. ತುಟಿ ತಪ್ಪಿದ ಸಾಲಿನ ಮೇಲೆ ವಾದ್ಯದ ಕೈಗಳನ್ನೋ ಕೇಳುವವರ ಮುಖವನ್ನೋ ತೋರಿಸುವುದು ನ್ಯಾಯವಾದ ಉಪಾಯವೇ. ಪ್ರತಿ ತಾಳಕ್ಕೂ ಕತ್ತರಿಸುವ ಚಪಲವನ್ನು ಮಾತ್ರ ಬಿಡಿ. ಸಾಲು ಶುರುವಾಗುವ ಮುನ್ನಿನ ಉಸಿರಿನಿಂದಲೇ ಶಾಟ್ ಆರಂಭವಾದರೆ ಹಾಡು ಆ ವ್ಯಕ್ತಿಯ ಒಳಗಿಂದಲೇ ಬಂದಂತೆ ಕಾಣುತ್ತದೆ.

ಹಾಡು ನಿಮ್ಮದಲ್ಲದಿದ್ದರೆ ಬಳಕೆಗೆ ಹಕ್ಕುದಾರರ ಅನುಮತಿಯನ್ನು ಚಿತ್ರೀಕರಣಕ್ಕೆ ಮೊದಲೇ ಪಡೆಯಿರಿ. ಕೊನೆಯ ಪರಿಶೀಲನೆಯನ್ನು ತಂತಿಯಿರುವ ಹೆಡ್‌ಫೋನ್‌ನಲ್ಲೇ ಮಾಡಿ. ಬ್ಲೂಟೂತ್ ಉಪಕರಣಗಳು ಧ್ವನಿಯನ್ನು ತಡವಾಗಿ ಕೇಳಿಸುತ್ತವೆ, ಆ ವಿಳಂಬವನ್ನು ಲಿಪ್ ಸಿಂಕ್ ದೋಷವೆಂದು ಭಾವಿಸಿ ಸರಿಯಾಗಿದ್ದ ಶಾಟ್‌ಗಳನ್ನು ಸರಿಸಬೇಡಿ.